ಬಿದ್ದರೂ ಒಡೆಯದ ತಿಂಡಿ

ಮುಂಬಯಿಯಲ್ಲಿ ಹಸಿವಿಗೂ ಟೈಮ್‌ಟೇಬಲ್ ಇದೆ. ಡೊಂಬಿವಲಿಯಿಂದಲೋ ವಿರಾರದಿಂದಲೋ ಲೋಕಲ್ ಹಿಡಿಯುವವರು ಬೆಳಿಗ್ಗೆ ಏಳರೊಳಗೆ ಒಂದಿಷ್ಟು ಒಗ್ಗರಣೆ ಅವಲಕ್ಕಿ ಬಾಯಿಗೆ ಹಾಕಿಕೊಂಡು ಹೊರಟಿರುತ್ತಾರೆ. ಮಧ್ಯಾಹ್ನ ಒಂದಕ್ಕೆ ಡಬ್ಬಿ. ಅದಾದ ಮೇಲೆ ಮನೆ ಸೇರಿ, ಕೈಕಾಲು ತೊಳೆದು, ತಟ್ಟೆಯ ಮುಂದೆ ಕೂರುವಾಗ ರಾತ್ರಿ ಒಂಬತ್ತೂವರೆ. ನಡುವಿನ ಎಂಟೂವರೆ ತಾಸನ್ನು ಯಾವ ಡಯಟೀಶಿಯನ್ನೂ ಲೆಕ್ಕಕ್ಕೆ ಹಿಡಿದಂತೆ ಕಾಣೆ. ಸಂಜೆ ನಾಲ್ಕಕ್ಕೆ ನಾವು ತಿನ್ನುವುದನ್ನು ಅವರು ಬಾಯಿಚಪಲ ಅನ್ನುತ್ತಾರೆ. ನನ್ನ ಪ್ರಕಾರ ಅದು ದಿನದ ಮೂರನೆಯ ಊಟ. ತಟ್ಟೆ ಇರುವುದಿಲ್ಲ, ಅಷ್ಟೇ.

ಈ ಊಟದ ಅಗತ್ಯವನ್ನು ಮುಂಬಯಿ ಬಹಳ ಹಿಂದೆಯೇ ಅರಿತಿತ್ತು. ದಾದರ್ ಸ್ಟೇಷನ್ನಿನ ಹೊರಗೆ 1966ರಲ್ಲಿ ಅಶೋಕ್ ವೈದ್ಯ ಎಂಬವರು ಬಟಾಟೆ ವಡೆಯನ್ನು ಪಾವಿನೊಳಗೆ ಇಟ್ಟು ಮಾರತೊಡಗಿದರು ಎಂಬುದು ವಡಾಪಾವಿನ ಜನಪ್ರಿಯ ಚರಿತ್ರೆ. ಒಂದು ಕೈಯಲ್ಲಿ ತಿನ್ನಬಹುದು, ಇನ್ನೊಂದು ಕೈ ರೈಲಿನ ಹಿಡಿಕೆಗೆ ಬಿಡುವು. ಕಾರ್ಖಾನೆಗಳ ವಿಷಯದಲ್ಲಿ ಕಾನೂನೇ ನಡುವೆ ಬಂತು. 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕ್ಯಾಂಟೀನ್ ಕಡ್ಡಾಯ ಮಾಡುವ ಅಧಿಕಾರವನ್ನು 1948ರ ಕಾರ್ಖಾನೆ ಕಾಯ್ದೆ ಸರ್ಕಾರಗಳಿಗೆ ಕೊಟ್ಟಿತು. ಕ್ಯಾಂಟೀನಿನ ಆಡಳಿತದಲ್ಲಿ ಕಾರ್ಮಿಕರ ಪ್ರತಿನಿಧಿಗಳೂ ಇರಬೇಕೆಂದಿತು. ಈ ನಗರದ ಎಷ್ಟೋ ಕ್ಯಾಂಟೀನುಗಳ ಸಾರಥ್ಯ ನಮ್ಮ ಕರಾವಳಿಯವರ ಕೈಗೆ ಬಂತು. ಅವರು ಉಪ್ಪಿಟ್ಟನ್ನೂ ಮೆದುವಡೆಯನ್ನೂ ಮರಾಠಿ, ಗುಜರಾತಿ ನಾಲಿಗೆಗಳಿಗೆ ರೂಢಿ ಮಾಡಿಸಿದರು. ಬದಲಿಗೆ ಕಾಂದಾಪೋಹೆ, ಮಿಸಳ್, ಸಾಬೂದಾಣಾ ವಡೆ ಕಲಿತುಕೊಂಡರು.

ನಮ್ಮ ಆಫೀಸು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಗಳಲ್ಲೊಂದರಲ್ಲಿದೆ. ಕ್ಯಾಂಟೀನ್ ನಡೆಸುವವರು ಉಡುಪಿ ಕಡೆಯವರು. ಆಡಳಿತ ನಿರ್ದೇಶಕರಿಂದ ಹಿಡಿದು ಲಿಫ್ಟಿನ ಹುಡುಗನವರೆಗೆ ಎಲ್ಲರಿಗೂ ಅವರು ‘ಅಣ್ಣಾ’. ನೆಲಮಹಡಿಯಿಂದ ನಮ್ಮ ಮಹಡಿಗೆ ನಾಲ್ಕಕ್ಕೆ ಕಟಿಂಗ್ ಚಹಾ ಮತ್ತು ಒಂದು ಬಿಸಿ ತಿಂಡಿ ಬರುತ್ತಿತ್ತು. ಆ ತಿಂಡಿ ಎಣ್ಣೆಯಲ್ಲಿ ಈಜಿ ಬಂದದ್ದೇ ಆಗಿರುತ್ತಿತ್ತು ಎಂಬುದನ್ನು ನಾನೂ ಅಲ್ಲಗಳೆಯಲಾರೆ. ವಾರ್ಷಿಕ ಆರೋಗ್ಯ ತಪಾಸಣೆಯ ವರದಿಗಳು ಬಂದ ಮೇಲೆ ಎಚ್‌ಆರ್‌ನವರು ವೆಲ್‌ನೆಸ್ ಕಮಿಟಿ ಮಾಡಿದರು. ಕಮಿಟಿ ಎಂದ ಮೇಲೆ ಏನಾದರೂ ಖರೀದಿ ಆಗಲೇಬೇಕು. ಹಾಗೆ ಬಂದದ್ದು ವೆಂಡಿಂಗ್ ಮಷೀನು, ಮೈತುಂಬ ಹಸಿರು ಎಲೆಯ ಚಿತ್ರ.

ಇಂಥ ಯಂತ್ರ ಹೊಸದೇನಲ್ಲ. ಮೊದಲನೆಯ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಹೀರೋ ಎಂಬ ಪಂಡಿತ, ನಾಣ್ಯ ಹಾಕಿದರೆ ದೇವಾಲಯದ ಪವಿತ್ರ ಜಲ ಸುರಿಯುವ ಸಾಧನವೊಂದನ್ನು ವರ್ಣಿಸಿದ್ದಾನೆ. ನಾಣ್ಯದ ಭಾರಕ್ಕೆ ಒಳಗಿನ ಸನ್ನೆ ವಾಲಿ, ತೂಬು ತೆರೆದು ನೀರು ಬರುತ್ತದೆ. ನಾಣ್ಯ ಜಾರಿ ಬಿದ್ದೊಡನೆ ನಿಲ್ಲುತ್ತದೆ. ಒಂದು ಕಾಸಿಗೆ ಇಷ್ಟೇ ತೀರ್ಥ! ಮುಂಬಯಿಯವರಿಗೆ ಪರಿಚಿತವಾದದ್ದು ಇದರ ಇನ್ನೊಬ್ಬ ನೆಂಟ, ಸ್ಟೇಷನ್ನುಗಳಲ್ಲಿ ಬಣ್ಣದ ದೀಪ ಮಿನುಗಿಸುತ್ತ ನಿಲ್ಲುತ್ತಿದ್ದ ತೂಕದ ಯಂತ್ರ. ನಾಣ್ಯ ಹಾಕಿದರೆ ಪುಟ್ಟ ರಟ್ಟಿನ ಟಿಕೆಟ್ಟು. ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ. ತಿನ್ನಲು ಏನನ್ನೂ ಕೊಡದೆ, ತಿಂದದ್ದರ ಫಲವನ್ನಷ್ಟೇ ಹೇಳುವ ಅದಕ್ಕಿಂತ ಆರೋಗ್ಯಕರ ಮಷೀನನ್ನು ಯಾವ ಕಮಿಟಿಯೂ ಈತನಕ ತಂದಿಲ್ಲ.

ನಮ್ಮ ಹಸಿರು ಯಂತ್ರದ ಹೊಟ್ಟೆಯೊಳಗೆ ಸಾಲುಸಾಲು ತಂತಿಯ ಸುರುಳಿಗಳು. ಫೋನಿನಿಂದ ದುಡ್ಡು ಕೊಟ್ಟು ನಂಬರ್ ಒತ್ತಿದರೆ ಆ ಸಾಲಿನ ಸುರುಳಿ ಒಂದು ಸುತ್ತು ತಿರುಗುತ್ತದೆ. ತುದಿಯಲ್ಲಿರುವ ಪ್ಯಾಕೆಟ್ಟು ಎದೆಮಟ್ಟದಿಂದ ಮೊಣಕಾಲ ಮಟ್ಟಕ್ಕೆ ದೊಪ್ಪೆಂದು ಬೀಳುತ್ತದೆ. ಇದನ್ನು ಗಮನಿಸುತ್ತ ನಿಂತಾಗ ನನಗೆ ಹೊಳೆದದ್ದು ಇಷ್ಟು: ಈ ಯಂತ್ರದಲ್ಲಿ ಆರೋಗ್ಯಕ್ಕೆ ಯಾವುದು ಒಳ್ಳೆಯದು ಎಂದು ತೀರ್ಮಾನಿಸುವವರು ವೈದ್ಯರೂ ಅಲ್ಲ, ಕಮಿಟಿಯವರೂ ಅಲ್ಲ. ಆ ಮೂರಡಿ ಪತನ. ಬಿದ್ದರೂ ಜಜ್ಜಿಹೋಗಬಾರದು, ತಿಂಗಳುಗಟ್ಟಲೆ ಕಾದರೂ ಹಳಸಬಾರದು. ಈ ಎರಡು ಪರೀಕ್ಷೆಗಳಲ್ಲಿ ಬಾಳೆಹಣ್ಣು ಫೇಲು, ಪಪ್ಪಾಯಿ ಹೋಳು ಫೇಲು, ಮೊಳಕೆ ಹೆಸರುಕಾಳು ಫೇಲು. ಗುಜರಾತಿಗಳ ಖಾಖ್ರಾ ಎಣ್ಣೆಯಲ್ಲಿ ಕರಿಯದ ಸಜ್ಜನ, ಆದರೆ ಒಂದು ಬೀಳುವಿಕೆಗೆ ಚೂರುಚೂರು. ಪಾಸಾಗುವುದು ಒಣಗಿದ್ದು, ಹುರಿದದ್ದು, ಉಬ್ಬಿಸಿದ್ದು. ಚಿಪ್ಸ್ ಪ್ಯಾಕೆಟ್ಟಿನಲ್ಲಿ ಗಾಳಿ ತುಂಬಿ ಮೋಸ ಮಾಡುತ್ತಾರೆಂದು ನಾವು ಬೈಯುತ್ತೇವಲ್ಲ, ಅದು ನೈಟ್ರೋಜನ್. ಎಣ್ಣೆ ಕಮಟಾಗದಂತೆ ತಡೆಯುವುದು ಅದರ ಒಂದು ಕೆಲಸವಾದರೆ, ಪೆಟ್ಟು ತಿಂದಾಗ ಒಳಗಿನದು ಪುಡಿಯಾಗದಂತೆ ಕಾಯುವುದು ಇನ್ನೊಂದು. ಪ್ಯಾಕೆಟ್ಟನ್ನು ಮೆಲ್ಲಗೆ ಇಳಿಸಿಕೊಡುವ ಲಿಫ್ಟು, ತಣ್ಣಗಿಡುವ ಪೆಟ್ಟಿಗೆ ಇರುವ ಮಷೀನುಗಳೂ ಇವೆ. ಅವುಗಳ ಬೆಲೆ ಕೇಳಿ ಕಮಿಟಿ ಮುಂದಿನ ವಿಷಯಕ್ಕೆ ಹೋಯಿತು.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲಂತೂ ಪ್ಯಾಕೆಟ್ಟುಗಳ ಮೇಲೆ ರಾಗಿ, ಜೋಳಗಳ ಮೆರವಣಿಗೆ. ರಾಗಿ ಎಂದು ಕಂಡೊಡನೆ ಕನ್ನಡಿಗನ ಕೈ ತಾನಾಗಿ ಆ ನಂಬರಿಗೆ ಹೋಗುತ್ತದೆ. ಆದರೆ ಪ್ಯಾಕೆಟ್ಟಿನ ಬೆನ್ನು ತಿರುಗಿಸಿ ನೋಡಬೇಕು. ಒಳಗಿರುವ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂಬುದು ನಮ್ಮ ದೇಶದ ನಿಯಮ. ಮುಖದ ಮೇಲೆ ದಪ್ಪಕ್ಷರದಲ್ಲಿದ್ದ ರಾಗಿ, ನಾನು ಕೊಂಡ ಪ್ಯಾಕೆಟ್ಟಿನ ಬೆನ್ನಲ್ಲಿ ಅಕ್ಕಿಹಿಟ್ಟು, ಮೆಕ್ಕೆಜೋಳದ ಗಂಜಿಪುಡಿ, ತಾಳೆ ಎಣ್ಣೆಗಳ ಹಿಂದೆ ಸಂಕೋಚದಿಂದ ನಿಂತಿತ್ತು. ಉಪ್ಪಿನ ಲೆಕ್ಕವೂ ಹೀಗೇ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ 2,000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ‘ಬೇಕ್ ಮಾಡಿದ್ದು, ಕರಿದದ್ದಲ್ಲ’ ಎಂದು ಬೀಗುವ ಪ್ಯಾಕೆಟ್ಟು ಎಣ್ಣೆಯಲ್ಲಿ ಉಳಿಸಿದ ಪುಣ್ಯವನ್ನು ಉಪ್ಪಿನಲ್ಲಿ ಕಳೆದುಕೊಂಡಿರಬಹುದು. ಕೊಳದ ಗಿಡವೊಂದರ ಬೀಜವನ್ನು ಹುರಿದು ಅರಳಿಸಿದ ಮಖಾನಾ ಒಂದು ವಿಷಯದಲ್ಲಿ ಪ್ರಾಮಾಣಿಕ: ಪ್ಯಾಕೆಟ್ಟು ಖಾಲಿಯಾದರೂ ಏನನ್ನೋ ತಿಂದೆವೆಂಬ ಭ್ರಮೆ ಹುಟ್ಟಿಸುವುದಿಲ್ಲ.

ಇತ್ತ ಯಾವ ಕಮಿಟಿಯ ಕಣ್ಣಿಗೂ ಬೀಳದ ಇನ್ನೊಂದು ತಿಂಡಿ ವ್ಯವಸ್ಥೆ ನಮ್ಮಲ್ಲಿ ಮೊದಲಿನಿಂದ ನಡೆದಿದೆ. ಮೇಜಿನ ಡ್ರಾಯರುಗಳದ್ದು. ಅಕೌಂಟ್ಸಿನ ಗುಜರಾತಿ ಬೆಹೆನ್ ಡ್ರಾಯರಿನಲ್ಲಿ ಮೇಥಿ ಖಾಖ್ರಾ ಸ್ಟೀಲಿನ ಡಬ್ಬಿಯೊಳಗೆ ಇಡಿಯಾಗಿಯೇ ಇರುತ್ತದೆ. ವಸಯಿಯಿಂದ ಬರುವ ಸಹೋದ್ಯೋಗಿ ಸುಕೇಳಿ ತರುತ್ತಾನೆ. ಅಲ್ಲಿನ ರಾಜೇಳಿ ಬಾಳೆಹಣ್ಣನ್ನು ಬಿಸಿಲಿಗೆ ಒಣಗಿಸಿ ಮಾಡುವ ಅದು ಮಷೀನಿನ ಪರೀಕ್ಷೆಯನ್ನೂ ಪಾಸಾಗಬಲ್ಲ ಏಕೈಕ ಬಾಳೆಹಣ್ಣು. ಪುಣೆ ಕಡೆಯವರದು ತೆಳು ಅವಲಕ್ಕಿಯ ಚಿವಡಾ. ನನ್ನ ಡ್ರಾಯರಿನಲ್ಲಿ ಹುರಿಗಡಲೆ, ಶೇಂಗಾ, ಒಂದು ತುಂಡು ಬೆಲ್ಲ. ಊರಿಂದ ಯಾರಾದರೂ ಬಂದ ವಾರ ಕೋಡುಬಳೆ. ಈ ಡ್ರಾಯರುಗಳಲ್ಲಿ ಪ್ರಮಾಣದ ಶಿಸ್ತು ತಾನಾಗಿ ಬರುತ್ತದೆ. ಇನ್ನೊಬ್ಬರ ಡಬ್ಬಿಗೆ ಮೂರನೆಯ ಸಲ ಕೈ ಹಾಕುವ ಧೈರ್ಯ ನನ್ನಲ್ಲಂತೂ ಇಲ್ಲ. ಮಷೀನಿಗೆ ಮೂರನೆಯ ಸಲ ದುಡ್ಡು ಹಾಕಿದರೆ ಅದು ಹುಬ್ಬು ಹಾರಿಸುವುದಿಲ್ಲ.

ಎಣ್ಣೆ ತಿಂಡಿ ನಿಂತು ವ್ಯಾಪಾರ ಇಳಿದರೂ ಅಣ್ಣ ಯಂತ್ರದ ಮೇಲೆ ಸಿಟ್ಟಾಗಲಿಲ್ಲ. ಒಂದು ದಿನ ಅದರ ಮುಂದೆ ಕೈಕಟ್ಟಿ ನಿಂತು ನನ್ನನ್ನೇ ಕೇಳಿದರು.

“ಎಂತ ಮಾರಾಯ್ರೆ, ಇದರಲ್ಲಿ ಹಣ್ಣೇ ಇಲ್ವಾ?”

“ಬಿದ್ರೆ ಜಜ್ಜಿ ಹೋಗ್ತದಂತೆ ಅಣ್ಣಾ.”

“ಬೀಳಿಸುವುದು ಯಾಕೆ? ಒಂದು ಬುಟ್ಟಿಯಲ್ಲಿ ಇಟ್ರೆ ಆಯ್ತಲ್ಲ!”

ಮರುವಾರ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಬೆತ್ತದ ಬುಟ್ಟಿ ಬಂತು. ಅದರ ತುಂಬ ಏಲಕ್ಕಿ ಬಾಳೆ, ಇಲ್ಲಿಯವರ ‘ಇಲಾಯ್ಚೀ ಕೇಳಾ’. ಬದಿಯಲ್ಲಿ ಅಣ್ಣನ ಕ್ಯೂಆರ್ ಕೋಡು. ಕಾಯುವವರಿಲ್ಲ, ಒಯ್ದವರು ದುಡ್ಡು ಹಾಕಬೇಕು. ಗುರುವಾರದ ಉಪವಾಸದವರು, ಸಂಕಷ್ಟಿಯವರು, ಶುಗರಿಗೆ ಹೆದರಿ ಅರ್ಧ ಹಣ್ಣನ್ನು ಪಕ್ಕದವನಿಗೆ ದಾಟಿಸುವವರು ಎಲ್ಲರೂ ಸುತ್ತ ನೆರೆಯುತ್ತಾರೆ. ಮೂರು ಗಂಟೆಯೊಳಗೆ ಬುಟ್ಟಿ ಖಾಲಿ. ಹೀಗಾಗಿ ನಾಲ್ಕಕ್ಕೆ ಬರುವವರಿಗೆ ಸಿಗುವುದಿಲ್ಲ ಎಂಬ ದೂರು ಎದ್ದಿತು. ಅಣ್ಣ ಎರಡನೆಯ ಕಂತು ಕಳಿಸತೊಡಗಿದರು, ಜೊತೆಗೆ ಈರುಳ್ಳಿ, ನಿಂಬೆ ಹಿಂಡಿದ ಬೇಯಿಸಿದ ಕಡಲೆ. ಅದಕ್ಕೆ ಅವರು ಇಟ್ಟ ಹೆಸರಲ್ಲಿ ಆರೋಗ್ಯದ ಸುಳಿವೇ ಇಲ್ಲ: ‘ಚನಾ ಚಾಟ್, ಸ್ಪೆಶಲ್’. ಖರ್ಚಾಗಲು ಇದೂ ಒಂದು ಕಾರಣವೆಂದು ನನ್ನ ಗುಮಾನಿ.

ಈಗಿನ ತಕರಾರು ಬೇರೆ. ನಮ್ಮ ಕಟ್ಟಡದ ನಿಯಮದಂತೆ ಮಹಡಿಗಳಲ್ಲಿ ಒಣ ಕಸದ ಡಬ್ಬಿ ಮಾತ್ರ ಇಡಬಹುದು; ಹಸಿ ಕಸ ನೆಲಮಹಡಿಗೇ ಹೋಗಬೇಕು. ಮಷೀನು ಹೆರುವುದೆಲ್ಲ ಒಣ ಕಸ, ಮಿರಿಮಿರಿ ಮಿಂಚುವ ಖಾಲಿ ಪ್ಯಾಕೆಟ್ಟು. ಬಾಳೆಹಣ್ಣಿಗೆ ಸಿಪ್ಪೆ ಇದೆ. ‘ಓಲಾ ಕಚರಾ’ ಸುಕಾ ಡಬ್ಬಿಯಲ್ಲಿ ಬೀಳುತ್ತಿದೆ ಎಂದು ಹೌಸ್‌ಕೀಪಿಂಗಿನವರು ಬರೆದ ಇಮೇಲು ಕಮಿಟಿಗೆ ಬಂದಿದೆ. ಸಿಪ್ಪೆಯನ್ನು ಕೈಯಲ್ಲೇ ಹಿಡಿದು ಕೆಳಗೆ ಇಳಿದು ಹೋಗಿ ಎಸೆದು ಬಂದರೆ ಒಳ್ಳೆಯ ವ್ಯಾಯಾಮವೂ ಆಗುತ್ತದೆ ಎಂದು ಒಬ್ಬ ಸದಸ್ಯರು ಉತ್ತರಿಸಿದ್ದಾರೆ. ಅವರು ಬುಟ್ಟಿಯ ಹತ್ತಿರ ಕಾಣಿಸಿಕೊಂಡು ವಾರವಾಯಿತು.