ಸಮ್ಮತಿ ಪತ್ರದ ಎರಡನೆಯ ಪ್ರತಿ

ಮೊನ್ನೆ ಬಾಗಲಕೋಟೆ ಬಸ್ ನಿಲ್ದಾಣದಲ್ಲಿ ಪರಿಚಯದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದಳು. 'ಮೇಡಂ, ಗಂಡನಿಂದ ಹೊಡೆತ ತಿಂದವರು ಒಂದು ಮೂವತ್ತು ಮಂದಿ ಬೇಕಿತ್ತು, ಈ ತಿಂಗಳೊಳಗೆ' ಎಂದಳು. ಸಂತೆಯಲ್ಲಿ ಮೆಣಸಿನಕಾಯಿ ಕೇಳಿದ ಹಾಗಿತ್ತು. ಸಿಟ್ಟು ಬಂತು. ಆದರೆ ಒಂದು ಕಾಲಕ್ಕೆ ನಾನೂ ಹೀಗೆಯೇ ಕೇಳಿಕೊಂಡು ತಿರುಗಿದವಳು.

ಆಗ ಒಂದು ಅಧ್ಯಯನಕ್ಕೆಂದು ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಅಲೆಯುತ್ತಿದ್ದೆ. ಒಂದು ಮನೆಯಲ್ಲಿ ಮಗ್ಗದ ಸದ್ದೇ ನಮಗೆ ಮರೆ. ವಿದ್ಯುತ್ ಮಗ್ಗ ಓಡುವಷ್ಟು ಹೊತ್ತು ಆಕೆ ಕಂಡಿಕೆ ಸುತ್ತುತ್ತಲೇ ಮಾತನಾಡಿದಳು. ಕರೆಂಟ್ ಹೋಯಿತು. ಮಗ್ಗ ನಿಂತಿತು, ಮಾತೂ ನಿಂತಿತು. ಒಳಗೆ ಅತ್ತೆ ಕೆಮ್ಮಿದರು. ನಾನು ಥಟ್ಟನೆ ಮಕ್ಕಳ ಲಸಿಕೆಯ ಪ್ರಶ್ನೆಗೆ ಹೊರಳಿದೆ. ಅಷ್ಟು ತರಬೇತಿ ಕೊಟ್ಟಿದ್ದರು. ಹೊರಡುವಾಗ ನಿಯಮದಂತೆ, ಅಧ್ಯಯನಕ್ಕೆ ಒಪ್ಪಿದ್ದೇನೆ ಎನ್ನುವ ಸಮ್ಮತಿ ಪತ್ರದ ಒಂದು ಪ್ರತಿಯನ್ನು ಆಕೆಯ ಕೈಗಿಟ್ಟೆ. ಮೇಲೆ ದಪ್ಪ ಅಕ್ಷರದಲ್ಲಿ 'ಕೌಟುಂಬಿಕ ಹಿಂಸೆ ಕುರಿತ ಅಧ್ಯಯನ' ಎಂದಿತ್ತು. ಆಕೆ ಅದನ್ನು ನಾಲ್ಕು ಮಡಿಕೆ ಮಾಡಿ ನನ್ನ ಚೀಲಕ್ಕೇ ತುರುಕಿದಳು.

'ನೀವೇ ಇಟ್ಟುಕೊಳ್ಳಿ ಅಕ್ಕಾ. ನಮ್ಮ ಮನೆಯಲ್ಲಿ ಓದಲು ಬರುವವರಿದ್ದಾರೆ.'

ಅಧ್ಯಯನಕ್ಕೆ ಅನುಮತಿ ಕೊಡುವ ನೈತಿಕತಾ ಸಮಿತಿಯ ಲೆಕ್ಕದಲ್ಲಿ ಆ ಕಾಗದ ಆಕೆಯ ಹಕ್ಕು. ಆಕೆಯ ಲೆಕ್ಕದಲ್ಲಿ ಸಂಜೆಯ ಏಟು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲೇ ಹೇಳಿತ್ತು: ಎಲ್ಲಕ್ಕಿಂತ ಮೊದಲು ಸುರಕ್ಷತೆ, ಮನೆಯವರ ಮುಂದೆ, ಊರಿನವರ ಮುಂದೆ ಅಧ್ಯಯನವನ್ನು ಹಿಂಸೆಯ ಹೆಸರಿನಲ್ಲಿ ಪರಿಚಯಿಸಬೇಡಿ, ಮಹಿಳೆಯರ ಆರೋಗ್ಯ ಎನ್ನಿ. ಆಕೆಗೆ ಮಾತ್ರ ಎಲ್ಲವನ್ನೂ ತಿಳಿಸಿ, ಒಪ್ಪಿದರಷ್ಟೇ ಮುಂದುವರಿಯಿರಿ. ಇದು ಸುಳ್ಳಲ್ಲವೇ ಎಂದು ಕೆಲವರು ವಾದಿಸುತ್ತಾರೆ. ನಿಜ ಹೇಳಬೇಕಾದದ್ದು ಆಕೆಗೆ, ಅತ್ತೆಗಲ್ಲ. ಸಹಿಯೂ ಹಾಗೆಯೇ. ಬಾಯಿಮಾತಿನ ಒಪ್ಪಿಗೆ ಸಾಕಾಗುವ ಕಡೆ ಹೆಬ್ಬೆಟ್ಟು ಒತ್ತಿಸುವುದು ನಮ್ಮ ರಕ್ಷಣೆಗೆ, ಆಕೆಯದ್ದಕ್ಕಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಈ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬಳಿಗೆ ಮಾತ್ರ ಕೇಳುತ್ತಾರೆ. ಏಕಾಂತ ಸಿಗದಿದ್ದರೆ ಬಿಟ್ಟುಬಿಡುತ್ತಾರೆ. 2019–21ರ ಸುತ್ತಿನಲ್ಲಿ ಕರ್ನಾಟಕದ ವಿವಾಹಿತೆಯರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆಯನ್ನು ಹೇಳಿಕೊಂಡರು. ಅದರ ಹಿಂದಿನ ಸುತ್ತಿನಲ್ಲಿ ಸುಮಾರು 21. ಹಿಂಸೆ ಹೆಚ್ಚಿತೋ, ಹೇಳಿಕೊಳ್ಳಲು ಜಾಗ ಸಿಕ್ಕಿತೋ? (ಅಂಕಿಯನ್ನು ಭಾಷಣಕ್ಕೆ ಬಳಸುವವರು ಇದನ್ನು ಕೇಳುವುದೇ ಇಲ್ಲ.)

ವಿದ್ಯಾರ್ಥಿನಿಗೆ ನಾನು ಒಂದೂ ಹೆಸರು ಕೊಡಲಿಲ್ಲ. 'ನಿನ್ನೆದುರು ಒಬ್ಬಳು ಅಳಲು ಶುರು ಮಾಡಿದರೆ ಎಲ್ಲಿಗೆ ಕರೆದೊಯ್ಯುತ್ತೀ? ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರಕ್ಕೆ ಒಮ್ಮೆ ಹೋಗಿ ನೋಡಿ ಬಾ ತಂಗಿ. ಮಹಿಳಾ ಸಹಾಯವಾಣಿ 181ಕ್ಕೆ ನೀನೇ ಒಮ್ಮೆ ಕರೆ ಮಾಡಿ ನೋಡು, ಯಾರು ಎತ್ತುತ್ತಾರೆ, ಏನು ಹೇಳುತ್ತಾರೆ ಎಂದು' ಎಂದೆ. 'ಗೈಡ್ ಇದನ್ನೆಲ್ಲ ಕೇಳುವುದಿಲ್ಲ ಮೇಡಂ' ಎಂದು ಮುಖ ಸಣ್ಣದು ಮಾಡಿಕೊಂಡು ಬಾದಾಮಿ ಬಸ್ ಹತ್ತಿದಳು. ಸಂಖ್ಯೆಯನ್ನು ಮಾತ್ರ ಅಂಗೈ ಮೇಲೆ ಬರೆದುಕೊಂಡಿದ್ದಳು.