ಗೆದ್ದರೂ ಅದೇ ಸೀನ್, ಸೋತರೂ ಅದೇ ಸೀನ್

ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಸುತ್ತಿ ಬಳಸಿ ಹೇಳೋ ತಾಳ್ಮೆ ಇಲ್ಲ. ಸ್ಟ್ರೀಟ್ ರೇಸಿಂಗ್ ಮತ್ತು ಪ್ರೀತಿ ಎರಡನ್ನೂ ಇಟ್ಟುಕೊಂಡು ಮಾಡಿರೋ ಒಂದು ಅಡಲ್ಟ್ ವಿಷುವಲ್ ನಾವೆಲ್ (ಚಿತ್ರದ ಜೊತೆ ಕಥೆ ಓದ್ತಾ, ನಡುನಡುವೆ ಆಯ್ಕೆ ಮಾಡ್ತಾ ಹೋಗೋ ಗೇಮ್) ಆಡಿದೆ. ಮುಗಿಸಿದೆ ಅನ್ನೋಕೆ ಆಗಲ್ಲ, ಯಾಕಂದ್ರೆ ಗೇಮೇ ಮುಗಿದಿಲ್ಲ. ಮೊದಲ ಎರಡು ಅಧ್ಯಾಯದಲ್ಲಿ ಮೂಗಿಗೆ ತುಪ್ಪ ಸವರಿ, ಮೂರನೆಯದರಿಂದ ಕಾಟಾಚಾರಕ್ಕೆ ಎಳೆದು, ಐದನೆಯದರ ನಟ್ಟನಡುವೆ ‘ಮುಂದುವರಿಯುವುದು’ ಅಂತ ಕಪ್ಪು ಪರದೆ ತೋರಿಸಿ ಕೈ ತೊಳೆದುಕೊಂಡಿದ್ದಾರೆ. ಶುರುವಿನಿಂದಲೇ ಕೆಟ್ಟದಾಗಿದ್ದಿದ್ದರೆ ಅರ್ಧಕ್ಕೆ ಡಿಲೀಟ್ ಮಾಡಿ ಸುಮ್ಮನಾಗ್ತಿದ್ದೆ. ಅಷ್ಟು ಚೆನ್ನಾಗಿ ಶುರು ಮಾಡಿ ತಾವೇ ಹಾಳು ಮಾಡಿದ್ದಾರಲ್ಲ, ಹೊಟ್ಟೆ ಉರಿಯೋದು ಅದಕ್ಕೆ.

ಶುರು ಹೇಗಿದೆ ಗೊತ್ತಾ? ರಾತ್ರಿ ಹೊತ್ತು, ಒಂದು ಗ್ಯಾರೇಜ್. ನಾಯಕ ಕೆಟ್ಟು ನಿಂತ ಕಾರನ್ನ ತಳ್ಳಿಕೊಂಡು ಬರ್ತಾನೆ. ಮಜ್ದಾ ಆರ್‌ಎಕ್ಸ್-7 ಮೈಕಟ್ಟಿನದೇ ಕಾರು, ಹೆಸರು ಮಾತ್ರ ಬೇರೆ ಇಟ್ಟಿದ್ದಾರೆ. ಕಂಪನಿಯ ಹೆಸರು ಬಳಸೋ ಲೈಸೆನ್ಸ್ ಇಲ್ಲದವರು ಹಾಗೆ ಮಾಡಲೇಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಗ್ಯಾರೇಜ್ ನಡೆಸೋಳು ಮೂವತ್ತು ದಾಟಿದ ಹೆಂಗಸು. ಬಂದವನ ಮುಖ ಕೂಡ ನೋಡಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಕಂಪ್ರೆಷನ್ ಗೇಜ್ ಕೂರಿಸಿ, ‘ಸ್ಟಾರ್ಟರ್ ತಿರುಗಿಸು’ ಅಂತಾಳೆ. ಗೇಜಿನ ಮುಳ್ಳು ಒಂದು ಸಲ ಜೋರಾಗಿ ನೆಗೆಯುತ್ತೆ, ಎರಡು ಸಲ ಕುಂಟುತ್ತೆ. ಮತ್ತೆ ಒಂದು ಜೋರು, ಎರಡು ಕುಂಟು. ‘ಅಪೆಕ್ಸ್ ಸೀಲ್ ಒಂದು ಹೋಗಿದೆ. ಈ ಥರ ಓಡಿಸಿದ್ದು ನೀನೇನಾ?’

ಈ ಎಂಜಿನ್ ಗೊತ್ತಿರೋರಿಗೆ ಆ ಸೀನ್‌ನಲ್ಲಿ ರೋಮಾಂಚನ ಆಗುತ್ತೆ. ಆ ಕಾರಿನದು ರೋಟರಿ ಎಂಜಿನ್, ಅದರಲ್ಲಿ ಪಿಸ್ಟನ್ ಇರಲ್ಲ. ಮೂರು ಮೂಲೆಯ ರೋಟರ್ ಗೂಡಿನೊಳಗೆ ಸುತ್ತುತ್ತೆ, ಮೂಲೆಗೊಂದು ಸೀಲ್, ಅದೇ ಅಪೆಕ್ಸ್ ಸೀಲ್. ಒಂದು ಸೀಲ್ ಮುರಿದರೆ ಅದರ ಎರಡೂ ಪಕ್ಕದ ಕೋಣೆಗಳಲ್ಲಿ ಒತ್ತಡ ಸೋರುತ್ತೆ, ಹಾಗಾಗಿ ಮೂರು ನೆಗೆತದಲ್ಲಿ ಎರಡು ಕುಂಟುತ್ವೆ. ಇದನ್ನ ಬರೆದವರು ಎಲ್ಲೋ ಓದಿದ್ದನ್ನ ಉದುರಿಸಿಲ್ಲ, ಮುಳ್ಳು ನೋಡಿದ್ದಾರೆ. ಅವಳನ್ನೂ ನೋಡಿದ್ದಾರೆ. ಒಂದೇ ಪ್ರಶ್ನೆಯಲ್ಲಿ ಅವಳು ಎಂಥವಳು ಅಂತ ಗೊತ್ತಾಗಿಬಿಡುತ್ತೆ.

ಎರಡನೇ ಅಧ್ಯಾಯ ಇನ್ನೂ ಚೆನ್ನಾಗಿದೆ. ಅವನಿಗೆ ಮೊದಲ ರೇಸಿಗೇ ನೈಟ್ರಸ್ ಬೇಕು, ಎಂಜಿನ್‌ಗೆ ಹೆಚ್ಚು ಶಕ್ತಿ ಕೊಡೋ ಅನಿಲ. ಅವಳು ಕೂರಿಸಲ್ಲ ಅಂತಾಳೆ. ನೈಟ್ರಸ್ ತಾನಾಗಿ ಉರಿಯೋ ಅನಿಲ ಅಲ್ಲ. ಎಂಜಿನ್ ಒಳಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಡೆದು ಹೆಚ್ಚಿನ ಆಮ್ಲಜನಕ ಬಿಡುತ್ತೆ. ಅದಕ್ಕೆ ತಕ್ಕಷ್ಟು ಪೆಟ್ರೋಲ್ ಹೋಗದಿದ್ದರೆ ಎಂಜಿನ್ ಕೆಲವೇ ಕ್ಷಣದಲ್ಲಿ ಸುಟ್ಟು ಕೂರುತ್ತೆ. ‘ಮೊದಲು ಪೆಟ್ರೋಲ್ ಲೆಕ್ಕ ಕಲಿ’ ಅಂತ ಅವನನ್ನ ರಾತ್ರಿಯಿಡೀ ಲ್ಯಾಪ್‌ಟಾಪ್ ಮುಂದೆ ಕೂರಿಸ್ತಾಳೆ. ಜಗಳ ಆಗುತ್ತೆ, ನಡುವೆ ಒಂದು ಸಲ ನಗು ಬರುತ್ತೆ, ಬೆಳಗಿನ ಹೊತ್ತಿಗೆ ಅವನೂ ಬಹುವಚನ ಬಿಟ್ಟಿರ್ತಾನೆ. ಮುಟ್ಟೋದು ಕೂಡ ಇಲ್ಲದ ಆ ಸೀನ್‌ನಲ್ಲಿ ಇರೋ ಆಸೆ ಮುಂದಿನ ಯಾವ ಬೆಡ್‌ರೂಮ್ ಸೀನ್‌ನಲ್ಲೂ ಇಲ್ಲ.

ಇಷ್ಟೆಲ್ಲ ಕಟ್ಟಿದ ಮೇಲೆ ಮೂರನೇ ಅಧ್ಯಾಯದಲ್ಲಿ ಅದೇ ಹೆಂಗಸು, ಅದೇ ಕಾರಿನ ಬಾನೆಟ್ ಎತ್ತಿ, ‘ಪಿಸ್ಟನ್ ಸೀಜ್ ಆಗಿದೆ’ ಅಂತಾಳೆ!

ಇಲ್ಲದ ಪಿಸ್ಟನ್ ಹೇಗೆ ಸೀಜ್ ಆಗುತ್ತೆ? ಸಣ್ಣ ತಪ್ಪು ಬಿಡಿ ಅನ್ನೋರು ಇದ್ದಾರೆ. ಸಣ್ಣದಲ್ಲ. ಗೇಜಿನ ಮುಳ್ಳು ನೋಡಿಯೇ ರೋಗ ಹೇಳಿದ್ದ ಹೆಣ್ಣಿನ ಬಾಯಲ್ಲಿ ಈ ಮಾತು ಬಂತು ಅಂದ್ರೆ, ಬರೆಯೋರು ತಮ್ಮ ಕಥೆಯನ್ನೇ ಮತ್ತೆ ಓದಿಲ್ಲ ಅಂತ ಅರ್ಥ. ಅಲ್ಲಿಂದ ಮುಂದೆ ಅವಳು ಮೆಕ್ಯಾನಿಕ್ ಆಗಿ ಉಳಿಯೋದೇ ಇಲ್ಲ. ಬಿಗಿ ಬಟ್ಟೆ ಹಾಕಿಸಿ, ಕೆನ್ನೆಗೆ ಒಂದು ಗೀರು ಗ್ರೀಸ್ ಬಳಿದು, ಗ್ಯಾರೇಜಿನ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಥರ ನಿಲ್ಲಿಸಿಬಿಟ್ಟಿದ್ದಾರೆ.

ರೇಸ್‌ಗಳ ಕಥೆ ಕೇಳಿ. ಕ್ವಾರ್ಟರ್ ಮೈಲ್, ಅಂದ್ರೆ 402 ಮೀಟರ್. ಗಟ್ಟಿ ಕಾರಿಗೆ ಹತ್ತು ಹನ್ನೆರಡು ಸೆಕೆಂಡಿನ ಕೆಲಸ. ಅಷ್ಟರೊಳಗೆ ಕ್ಲಚ್ ಯಾವಾಗ ಬಿಡಬೇಕು, ಚಕ್ರ ಸುಮ್ಮನೆ ಸುತ್ತದ ಹಾಗೆ ಎಷ್ಟು ಒತ್ತಬೇಕು, ನೈಟ್ರಸ್ ಬಾಟಲ್ ಯಾವ ಗೇರಿನಲ್ಲಿ ತೆರೆಯಬೇಕು ಅಂತ ಎಷ್ಟೊಂದು ನಿರ್ಧಾರ ಇರುತ್ತೆ. ಆಯ್ಕೆಗಳ ಮೇಲೇ ನಿಂತಿರೋ ವಿಷುವಲ್ ನಾವೆಲ್‌ಗೆ ಇದಕ್ಕಿಂತ ಒಳ್ಳೇ ಸರಕು ಸಿಗುತ್ತಾ? ಇವರು ಕೊಟ್ಟಿರೋದು ಬಣ್ಣದ ಒಂದು ಪಟ್ಟಿ. ಅದು ಹಸಿರಾದಾಗ ಸ್ಪೇಸ್ ಒತ್ತಬೇಕು, ಅಷ್ಟೇ. ಎಲ್ಲ ಕಾರಿಗೂ ಒಂದೇ ಎಂಜಿನ್ ಸದ್ದು. ಒಂದು ಚಿತ್ರವಂತೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೆಳಗೆ ಅಕ್ಷರದಲ್ಲಿ ‘ಇನ್ನೂರು ದಾಟಿತು’ ಅಂತಿದೆ, ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಸ್ಪೀಡೋಮೀಟರ್ ಮುಳ್ಳು ಸೊನ್ನೆಯಲ್ಲಿ ಮಲಗಿದೆ. ನಾಯಕನ ಹೆಬ್ಬೆರಳು ಸ್ಟೀರಿಂಗ್ ಒಳಗಿಂದ ತೂರಿ ಆಚೆ ಬಂದಿದೆ. ಬೆಡ್‌ರೂಮ್ ಚಿತ್ರಗಳಲ್ಲಿ ಕೂದಲೆಳೆ ಎಳೆಯಾಗಿ ಬೆಳಕು ಬಿಟ್ಟಿರೋರಿಗೆ ಒಂದು ಮುಳ್ಳು ತಿರುಗಿಸೋಕೆ ಪುರುಸೊತ್ತು ಆಗಲಿಲ್ವಾ?

ಇನ್ನೊಂದು ಹಿಂಸೆ. ಗೇಮ್ ಮಾಡಿರೋದು ರೆನ್‌ಪೈ ಅನ್ನೋ ಗೇಮ್ ಎಂಜಿನ್‌ನಲ್ಲಿ, ಅಂದ್ರೆ ವಿಷುವಲ್ ನಾವೆಲ್ ಕಟ್ಟೋ ಸಾಫ್ಟ್‌ವೇರ್‌ನಲ್ಲಿ. 2004ರಿಂದ ಇರೋ, ಯಾರಿಗೂ ಪುಕ್ಕಟೆ ಸಿಗೋ ಎಂಜಿನ್ ಅದು. ಮೌಸ್ ಚಕ್ರ ಮೇಲಕ್ಕೆ ತಿರುಗಿಸಿದರೆ ಹಿಂದಿನ ಸಾಲಿಗೆ ಹೋಗೋದು, ಕಂಟ್ರೋಲ್ ಒತ್ತಿ ಹಿಡಿದರೆ ಓದಿದ್ದನ್ನ ಹಾರಿಸೋದು, ಎರಡೂ ಅದರಲ್ಲಿ ಹುಟ್ಟಿನಿಂದಲೇ ಬರುತ್ವೆ. ಇವರು ಕೂತು, ಕೋಡ್ ಬರೆದು, ರೇಸ್ ಸೀನ್‌ಗಳಲ್ಲಿ ಎರಡನ್ನೂ ಬಂದ್ ಮಾಡಿದ್ದಾರೆ. ಬೇರೆ ದಾರಿ ಏನಿದೆ ನೋಡೋಣ ಅಂತ ಮತ್ತೆ ಆಡಿದರೆ ಅದೇ ಹಸಿರು ಪಟ್ಟಿ, ಅದೇ ಸ್ಪೇಸ್, ಮೊದಲಿಂದ ಕೊನೇವರೆಗೂ. ಓದುಗನ ಹೊತ್ತಿಗೆ ಬೆಲೆಯೇ ಇಲ್ಲ.

ಇದೆಲ್ಲ ಸಹಿಸ್ಕೋಬಹುದಿತ್ತು. ನನ್ನ ತಾಳ್ಮೆ ಕೆಟ್ಟಿದ್ದು ಮೂರನೇ ಅಧ್ಯಾಯದ ಕೊನೇ ರೇಸಿನಲ್ಲಿ. ಎದುರಾಳಿ ಬಂದು, ‘ಗೆದ್ದವನಿಗೆ ಇವಳು’ ಅಂತಾನೆ. ಪಣಕ್ಕಿಟ್ಟಿದ್ದು ಕಾರನ್ನಲ್ಲ, ಹೆಣ್ಣನ್ನ! ಮೈಮೇಲೆ ಬಂದವರನ್ನ ಸ್ಪ್ಯಾನರ್ ಹಿಡಿದು ಓಡಿಸಿದ್ದ ಹೆಂಗಸು, ಸ್ವಂತ ಗ್ಯಾರೇಜ್ ಇರೋಳು, ತಲೆ ತಗ್ಗಿಸಿ ನಿಂತಿದ್ದಾಳೆ. ನಮ್ಮ ಮುಂದೆ ಮೆನು ತೆರೆಯುತ್ತೆ: ‘ಒಪ್ಪಿಕೋ’, ‘ಇನ್ನೂ ಜೋರಾಗಿ ಒಪ್ಪಿಕೋ’. ‘ಅವಳನ್ನ ಕೇಳು’ ಅನ್ನೋ ಆಯ್ಕೆ ಇಲ್ಲ. ‘ಬೇಡ’ ಅನ್ನೋದೂ ಇಲ್ಲ. ದೊಡ್ಡವರಿಗೆ ಮಾತ್ರ ಅಂತ ಬೋರ್ಡ್ ಹಾಕಿ, ದೊಡ್ಡವರು ಮೊದಲು ಕೇಳೋ ಪ್ರಶ್ನೆಯನ್ನೇ ಕಿತ್ತುಹಾಕಿದ್ದಾರೆ.

ಬೇಕು ಅಂತಲೇ ಆ ರೇಸ್ ಸೋತೆ. ಸೋತರಾದರೂ ಕಥೆಗೆ ಧೈರ್ಯ ಬರುತ್ತೇನೋ, ಅವಳು ಒಂದು ಮಾತಾಡ್ತಾಳೇನೋ ಅನ್ನೋ ಆಸೆ. ನಾಯಕ ಹಲ್ಲು ಕಚ್ಚಿ ‘ಛೇ’ ಅಂದ, ಪರದೆ ಕಪ್ಪಾಯ್ತು, ಬೆಳಕಾದಾಗ ಅವಳು ನಾಯಕನ ಹಾಸಿಗೆಯಲ್ಲೇ ಇದ್ದಳು. ಗೆದ್ದಾಗ ಬರೋ ಸೀನೇ, ಒಂದು ಅಕ್ಷರ ಆಚೀಚೆ ಇಲ್ಲ. ನಂಬೋಕಾಗದೆ ಗೇಮ್ ಫೋಲ್ಡರ್ ತೆರೆದೆ. ಸ್ಕ್ರಿಪ್ಟ್ ಫೈಲ್‌ಗಳನ್ನ ಹಾಗೇ ಬಿಟ್ಟಿದ್ದಾರೆ, ನೋಟ್‌ಪ್ಯಾಡಿನಲ್ಲಿ ಓದಬಹುದು. ಗೆದ್ದರೆ ಒಂದು ಸಾಲು ಮಾತು, ಆಮೇಲೆ ಜಂಪ್, ಅಂದ್ರೆ ಕಥೆಯ ಇನ್ನೊಂದು ಜಾಗಕ್ಕೆ ಹಾರೋ ಆಜ್ಞೆ. ಸೋತರೆ ಇನ್ನೊಂದು ಸಾಲು ಮಾತು, ಆಮೇಲೆ ಜಂಪ್. ಎರಡೂ ಜಂಪ್ ಹೋಗೋದು ಒಂದೇ ಲೇಬಲ್‌ಗೆ, ಅಂದ್ರೆ ಒಂದೇ ಜಾಗಕ್ಕೆ. ಅಲ್ಲಿಯವರೆಗೆ ನಾವು ಕೂಡಿಹಾಕಿದ ಪ್ರೀತಿಯ ಪಾಯಿಂಟ್‌ಗಳನ್ನ ಯಾವ ಸಾಲೂ ಕೇಳಲ್ಲ. ಜೋಪಾನವಾಗಿ ಯೋಚಿಸಿ ಕೊಟ್ಟ ಉತ್ತರಗಳೆಲ್ಲ ನೀರಲ್ಲಿ ಹೋಮ.

ಆ ಸೀನ್ ಆದಮೇಲೆ ಅವಳ ಮಾತೇ ನಿಂತುಹೋಗುತ್ತೆ. ಉತ್ಪ್ರೇಕ್ಷೆ ಮಾಡ್ತಿಲ್ಲ. ಸ್ಕ್ರಿಪ್ಟಿನಲ್ಲಿ ಹುಡುಕಿದರೆ ಅಲ್ಲಿಂದ ಕೊನೇವರೆಗೆ ಅವಳ ಹೆಸರಿನಲ್ಲಿ ಇರೋ ಸಾಲುಗಳು ಬೆರಳೆಣಿಕೆಯಷ್ಟು. ಎಲ್ಲ ‘ಹುಷಾರು’, ‘ಬೇಗ ಬಾ’ ಥರದವು. ಅವಳ ಅಪ್ಪ ಮಾಡಿಟ್ಟ ಸಾಲದ ಕಥೆ ಏನಾಯ್ತು? ಅವಳೂ ಒಂದು ಕಾಲಕ್ಕೆ ರೇಸ್ ಓಡಿಸ್ತಿದ್ದಳು ಅಂತ ಸುಳಿವು ಕೊಟ್ಟು ಯಾಕೆ ಬಿಟ್ಟರು? ಹಾಸಿಗೆ ತಲುಪಿದ್ದೇ ಫಿನಿಶ್ ಲೈನ್, ಮುಂದಿನ ಹುಡುಗಿಗೆ ಗೇರ್ ಬದಲಾಯಿಸು ಅಂತ ಇವರ ಲೆಕ್ಕ. ಪ್ರೀತಿಯ ಕಥೆ ಬರೆಯೋನಿಗೆ ನಿಜವಾದ ಕೆಲಸ ಶುರುವಾಗೋದು ಆ ರಾತ್ರಿಯ ಮರುದಿನ ಬೆಳಗ್ಗೆ. ಇವರಿಗೆ ಆ ಬೆಳಗ್ಗೆಯ ಒಂದು ಪುಟ ಬರೆಯೋಕಾಗಲಿಲ್ಲ.

ನಾಲ್ಕನೇ ಅಧ್ಯಾಯದಲ್ಲಿ ರೇಸ್ ನೋಡೋಕೆ ನಿಂತಿದ್ದವನೊಬ್ಬನಿಗೆ ಕಾರು ಗುದ್ದುತ್ತೆ. ಮುಂದಿನ ಸೀನ್ ಪಾರ್ಟಿ. ಅವನು ಬದುಕಿದನಾ ಸತ್ತನಾ ಅಂತ ಕೂಡ ಹೇಳಲ್ಲ. ಬೀದಿ ರೇಸಿನಲ್ಲಿ ನಿಜವಾಗಲೂ ಜನ ಸಾಯ್ತಾರೆ, ಅದನ್ನ ಡೆಕೊರೇಶನ್‌ಗೆ ಬಳಸೋದು ನಾಚಿಕೆಗೇಡು.

ಇಷ್ಟು ಹೇಳಿದರೆ ಬರೋ ಉತ್ತರ ಒಂದೇ: ‘ಅಡಲ್ಟ್ ಗೇಮ್ ತಾನೇ, ಕಥೆ ಯಾರಿಗೆ ಬೇಕು?’ ಈ ಮಾತು ಕೇಳಿದರೆ ಮೈ ಉರಿಯುತ್ತೆ. ಕಥೆ ಬೇಕಿಲ್ಲದೋನು ವಿಷುವಲ್ ನಾವೆಲ್ ಯಾಕೆ ಆಡ್ತಾನೆ? ಇದರಲ್ಲಿ ಇರೋದೇ ಓದು. ಕಾಮ ತೋರಿಸಬಾರದು ಅಂತ ನಾನು ಹೇಳ್ತಿಲ್ಲ, ಚೆನ್ನಾಗಿ ತೋರಿಸಿ ಅಂತಲೇ ಹೇಳ್ತಿದ್ದೀನಿ. ಈ ಪ್ರಕಾರಕ್ಕೆ ಇಷ್ಟು ಜಾಗ ಸಿಕ್ಕಿದ್ದೇ ಕಷ್ಟದಲ್ಲಿ. ಗೇಮ್ ಮಾರೋ ಸ್ಟೀಮ್ ತಾಣದಲ್ಲಿ 2018ರವರೆಗೂ ಕತ್ತರಿ ಹಾಕಿದ ಆವೃತ್ತಿ ಮಾರಿ, ಉಳಿದದ್ದನ್ನ ಹೊರಗಿನಿಂದ ಪ್ಯಾಚ್ ಆಗಿ ಕೊಡೋ ಪರಿಸ್ಥಿತಿ ಇತ್ತು. 2025ರ ಜುಲೈನಲ್ಲಿ ಹಣ ಪಾವತಿ ಕಂಪನಿಗಳ ಒತ್ತಡಕ್ಕೆ ಸ್ಟೀಮ್ ಹಲವು ಗೇಮ್‌ಗಳನ್ನ ತೆಗೆದುಹಾಕಿತು, ಗೇಮ್ ಮಾರೋ ಇನ್ನೊಂದು ತಾಣ ಇಚ್ (itch.io) ಅಡಲ್ಟ್ ಗೇಮ್‌ಗಳನ್ನ ಹುಡುಕಾಟದಿಂದಲೇ ಮರೆ ಮಾಡಿತು. ಒಂಟಿಯಾಗಿ ಕೂತು, ಎರಡು ಪಾತ್ರದ ನಡುವಿನ ಮಾತನ್ನ ತಿದ್ದಿ ತೀಡಿ ಬರೆಯೋ ಎಷ್ಟೋ ಜನರ ಹೊಟ್ಟೆ ಮೇಲೆ ಆಗ ಹೊಡೆತ ಬಿತ್ತು. ‘ಇವೆಲ್ಲ ಬರೀ ಕೊಳಕು’ ಅನ್ನೋರ ಕೈಗೆ ಕೋಲು ಕೊಡೋದು ಹೆಣ್ಣನ್ನ ಪಣಕ್ಕಿಟ್ಟು ಮಾರೋ ಇಂಥ ಗೇಮ್‌ಗಳೇ.

ದುಡ್ಡಿನ ವಿಷಯಕ್ಕೂ ಬರ್ತೀನಿ. ಸ್ಟೀಮ್ ನಿಯಮದ ಪ್ರಕಾರ ಕೊಂಡ 14 ದಿನದೊಳಗೆ, ಆಡಿದ್ದು 2 ಗಂಟೆ ಮೀರದೆ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಈ ಗೇಮಿನ ಒಳ್ಳೇ ಭಾಗವನ್ನ ನಿಧಾನವಾಗಿ ಓದಿದರೆ ಆ 2 ಗಂಟೆ ಅಲ್ಲೇ ಖರ್ಚಾಗುತ್ತೆ. ಹುಳುಕು ಕಣ್ಣಿಗೆ ಬೀಳೋದು ಆಮೇಲೆ. ಅರ್ಲಿ ಆಕ್ಸೆಸ್, ಅಂದ್ರೆ ಪೂರ್ತಿ ಆಗೋ ಮೊದಲೇ ಮಾರಾಟ, ಅಂತ ಮಾರಿರೋದರಿಂದ ‘ಇನ್ನೂ ಕೆಲಸ ನಡೀತಿದೆ’ ಅನ್ನೋ ನೆಪ ಯಾವಾಗಲೂ ರೆಡಿ. ನಡುವೆ ಬಂದ ಒಂದು ಅಪ್‌ಡೇಟ್‌ನಲ್ಲಿ ವೇರಿಯಬಲ್‌ಗಳ (ಕೋಡಿನಲ್ಲಿ ಲೆಕ್ಕ ನೆನಪಿಡೋ ಹೆಸರುಗಳ) ಹೆಸರು ಬದಲಾಯಿಸಿ ಹಳೇ ಸೇವ್‌ಗಳಿಗೆಲ್ಲ ಎಳ್ಳುನೀರು ಬಿಟ್ಟರು. ಸೇವ್ ತೆರೆದರೆ ಎರರ್ ಪುಟ, ಕೇಳಿದರೆ ‘ಮೊದಲಿಂದ ಆಡಿ’ ಅನ್ನೋ ಉತ್ತರ. ಹಾರಿಸೋಕಾಗದ ಆ ರೇಸ್‌ಗಳನ್ನ ಮತ್ತೆ ಮೊದಲಿಂದ!

ಇದರ ಮೇಲೆ ಈಗ ಅದೇ ತಂಡ ಹೊಸ ಗೇಮ್ ಘೋಷಿಸಿದೆ, ಬೆಂಬಲಿಸಿ ಅಂತ ಕೈಯೊಡ್ಡಿದೆ. ಐದನೇ ಅಧ್ಯಾಯದ ಬಗ್ಗೆ ಕೇಳಿದ ಒಬ್ಬರಿಗೂ ಉತ್ತರ ಇಲ್ಲ. ಆ ಹೊಸ ಗೇಮ್‌ಗೆ ಯಾರೂ ಒಂದು ಕಾಸೂ ಬಿಚ್ಚಬೇಡಿ. ಮೊದಲು ಮೂರನೇ ಅಧ್ಯಾಯ ತಿದ್ದಲಿ. ಆ ಮೆನುವಿನಲ್ಲಿ ‘ಅವಳನ್ನ ಕೇಳು’ ಅಂತ ಒಂದು ಸಾಲು ಸೇರಿಸಲಿ, ಅದಕ್ಕೆ ಅವಳು ಏನು ಉತ್ತರ ಕೊಡ್ತಾಳೋ ಅದನ್ನ ಬರೆಯಲಿ, ಆ ಉತ್ತರದ ಪ್ರಕಾರ ಮುಂದಿನ ಎರಡು ಅಧ್ಯಾಯ ಕಟ್ಟಲಿ. ಸೇವ್ ಕಳೆದುಕೊಂಡವರಿಗೆ ರೇಸ್ ಹಾರಿಸೋ ಬಟನ್ ಕೊಡಲಿ. ಅಷ್ಟು ಆದಮೇಲೆ ಹೊಸ ಗೇಮಿನ ಮಾತು ಎತ್ತಲಿ.