ಒಂದು ಪೆಟ್ಟು ಹೊಡೆಯಲಾ?

ಕಳೆದ ವಾರ ನಮ್ಮ ನೆರೆಮನೆಯ ಹಿರಿಯರ ಬೊಜ್ಜ, ಅಂದರೆ ಉತ್ತರಕ್ರಿಯೆ, ಇತ್ತು. ಉಡುಪಿಯ ಅಂಬಲಪಾಡಿ ಹತ್ತಿರದ ಒಂದು ಹಾಲ್. ನುಡಿನಮನ ಮುಗಿಯಿತು, ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸಬೇಕು ಅಂತ ಮೈಕಿನಲ್ಲಿ ಹೇಳಿದರು. ಇಂಥ ಹೊತ್ತಿನಲ್ಲೇ ಯಾರದಾದರೂ ಫೋನು ಹೊಡೆದುಕೊಳ್ಳುತ್ತದೆ ಅಲ್ವಾ? ಅದು ನನ್ನದಾಗುವುದು ಬೇಡ ಅಂತ ಕಿಸೆಯಿಂದ ತೆಗೆದು ಬದಿಯ ಬಟನ್ ಒತ್ತಿ ಹಿಡಿದೆ. ಆಫ್ ಮಾಡುವ ಗುರುತು ಬರಬೇಕಿತ್ತು, ಬರಲಿಲ್ಲ. ಪರದೆಯ ಕೆಳಗೆ ಬಣ್ಣ ಬಣ್ಣದ ಏನೋ ಒಂದು ಕುಣಿಯಿತು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕೂಡಲೇ ನನ್ನ ಕೈಯಿಂದ ಒಂದು ಹೆಣ್ಣು ಧ್ವನಿ, ಬಹಳ ವಿನಯದಿಂದ, ಇಡೀ ಹಾಲಿಗೆ ಕೇಳುವ ಹಾಗೆ, "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ" ಅಂತು.

ತೀರಿಕೊಂಡವರ ಹಿರಿಮಗ ತಿರುಗಿ ನೋಡಿದರು. ಮೊಮ್ಮಗ ಹುಡುಗನಿಗೆ ನಗು ತಡೆಯಲಿಕ್ಕಾಗದೆ ತಾಯಿಯ ಸೆರಗಿಗೆ ಮುಖ ಒತ್ತಿಕೊಂಡ. ಊಟದ ಸಾಲಿನಲ್ಲಿ ಪರಿಚಯದ ಒಬ್ಬರು ಬಾಳೆಲೆಗೆ ನೀರು ಚಿಮುಕಿಸುತ್ತ, "ಎಂತ ಮಾರಾಯ್ರೆ, ನಿಮಗೆ ಎಂತ ಅರ್ಥ ಆಗ್ಲಿಲ್ಲ?" ಅಂತ ಕೇಳಿದರು. ಪಾಯಸ ಬಡಿಸುವವನಿಗೂ ವಿಷಯ ಗೊತ್ತಾಗಿತ್ತು.

ಅಲ್ಲಿಂದ ಸೀದಾ ಹೋದದ್ದು ಸರ್ವಿಸ್ ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ. ಅಲ್ಲಿನ ಹುಡುಗ ಫೋನನ್ನು ಒಮ್ಮೆ ಮೇಲೆ ಕೆಳಗೆ ನೋಡಿ, "ಅಪ್ಡೇಟ್ ಆಗಿದೆ ಅಂಕಲ್. ಈಗ ಆ ಬಟನ್ ಒತ್ತಿದ್ರೆ ಅವಳು ಬರ್ತಾಳೆ" ಅಂದ.

"ನಾನು ಅವಳನ್ನು ಕರೆಯಲಿಲ್ಲವಲ್ಲ."

"ನೀವೇ ಓಕೆ ಕೊಟ್ಟಿರ್ತೀರಿ."

ಕೊಟ್ಟಿರ್ತೀರಿ! ಆಫ್ ಮಾಡುವ ಬಟನಿನಲ್ಲಿ ಆಫ್ ಆಗುವುದಿಲ್ಲ, ಇನ್ಯಾರೋ ಎಚ್ಚರ ಆಗುತ್ತಾರೆ, ಮತ್ತು ಅದಕ್ಕೆ ಕಾರಣ ನಾನು. ಅಂಕಲ್ ಅಂದದ್ದನ್ನು ಬೇಕಾದರೆ ಕ್ಷಮಿಸಿಯೇನು, ಇದನ್ನಲ್ಲ. ಆದರೆ ಆ ಮಾತನ್ನು ಇದೇ ಧಾಟಿಯಲ್ಲಿ ನಾನು ಹಿಂದೆ ಒಮ್ಮೆ ಕೇಳಿದ್ದೆ. ಎಲ್ಲಿ ಅಂತ ನೆನಪಾಗುವಷ್ಟರಲ್ಲಿ ಬಸ್ಸು ಕಲ್ಯಾಣಪುರ ದಾಟಿತ್ತು; ನಾನು ಇಳಿಯಬೇಕಾದದ್ದು ಸಂತೆಕಟ್ಟೆಯಲ್ಲಿ.

ಬ್ರಹ್ಮಾವರದ ಆಚೆ ನನ್ನ ಅಜ್ಜಿಮನೆ. ಹಿಂದಿನ ಜಗಲಿಯಲ್ಲಿ ಒಂದು ಅರೆಯುವ ಕಲ್ಲು, ಆ ಮನೆಯ ಮುಖ್ಯ ಯಂತ್ರ ಅಂದರೆ ಅದೇ. ಬೆಳಿಗ್ಗೆ ದೋಸೆಗೆ ಅಕ್ಕಿ, ಮಧ್ಯಾಹ್ನ ಸಾರಿಗೆ ತೆಂಗಿನಕಾಯಿ, ಮೀನು ಬಂದ ದಿನ ಮೆಣಸಿನ ಅರಪ್ಪು. ಹೀಗೆ ವರ್ಷಗಟ್ಟಲೆ ತಿರುಗಿ ತಿರುಗಿ ಕಲ್ಲಿನ ಹೊಟ್ಟೆ ನುಣ್ಣಗಾಗುತ್ತದೆ. ಕಲ್ಲು ನುಣ್ಣಗಾದರೆ ಅರಪ್ಪು ನುಣ್ಣಗಾಗುವುದಿಲ್ಲ. ಆಗ ಕಲ್ಲು ಕುಟ್ಟುವವನು ಬರಬೇಕು. ಮಳೆ ನಿಂತ ಮೇಲೆ ಒಂದು ದಿನ ಬರುತ್ತಿದ್ದ, ಗೋಣಿಚೀಲದಲ್ಲಿ ಎರಡು ಉಳಿ, ಒಂದು ಸುತ್ತಿಗೆ. ಅಂಗಳದಲ್ಲೇ ನಿಂತು ಕೂಗಬೇಕು, ಕರೆಯದೆ ಜಗಲಿ ಹತ್ತುವ ಹಾಗಿಲ್ಲ. ಅಜ್ಜಿ ಬಂದು, ಈ ವರ್ಷ ಬೇಡ ಅಂದು, ಎಷ್ಟು ಅಂತ ಕೇಳಿ, ಜಾಸ್ತಿಯಾಯಿತು ಅಂದು, ಒಳಗೆ ಹೋಗಿ, ಮತ್ತೆ ಬಂದು, ಕೊನೆಗೆ ಹೂಂ ಅನ್ನುತ್ತಿದ್ದರು. ಆಮೇಲೆ ಎಲೆಅಡಿಕೆ ತಟ್ಟೆ ಹಿಡಿದು ಅವನ ಪಕ್ಕದಲ್ಲೇ ಮಣೆ ಹಾಕಿ ಕೂರುವುದು. ಇಲ್ಲಿ ಹೊಡಿ, ಅಲ್ಲಿ ಸಾಕು, ಅಂಚಿಗೆ ಹೋಗಬೇಡ. ಚೂರು ಹಾರಿ ಕಣ್ಣಿಗೆ ಬೀಳುತ್ತದೆ ಅಂತ ನಮ್ಮನ್ನು ತೆಂಗಿನ ಕಟ್ಟೆಯ ಆಚೆ ಓಡಿಸುತ್ತಿದ್ದರು, ನಾವು ಅಲ್ಲಿಂದಲೇ ಟಿಕ್ ಟಿಕ್ ಲೆಕ್ಕ ಹಾಕುತ್ತಿದ್ದೆವು. ಕುಟ್ಟಿ ಆದ ಮೇಲೆ ಮೊದಲ ಎರಡು ಸಲ ತೌಡು ಅರೆದು ತೊಳೆದು ಚೆಲ್ಲಬೇಕು, ಇಲ್ಲದಿದ್ದರೆ ದೋಸೆಯಲ್ಲಿ ಹಲ್ಲಿಗೆ ಮರಳು ಸಿಗುತ್ತದೆ.

ಒಂದು ವರ್ಷ ಒಲೆಯ ಮೇಲೆ ಅನ್ನ ಉಕ್ಕಿತು ಅಂತ ಅಜ್ಜಿ ನಡುವೆ ಒಳಗೆ ಹೋದರು. ಬರುವಷ್ಟರಲ್ಲಿ ಅವನು ಗುಂಡುಕಲ್ಲಿಗೂ ನಾಲ್ಕು ಸುತ್ತು ಉಳಿ ಹೊಡೆದು ಮುಗಿಸಿದ್ದ. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ ಪಾಪ, ಒಳ್ಳೆಯದಾಗಲಿ ಅಂತ ಮಾಡಿದ್ದು. ಅಜ್ಜಿ ರುದ್ರಾವತಾರ ತಾಳಿದರು. "ಕಲ್ಲು ಯಾರದ್ದು? ನಿನ್ನದಾ ನನ್ನದಾ?" ತುಳುವಿನಲ್ಲಿ ಇದು ಇನ್ನೂ ಖಾರವಾಗಿತ್ತು, ಇಲ್ಲಿ ಬರೆಯುವ ಹಾಗಿಲ್ಲ. ಒಪ್ಪಿದ ದುಡ್ಡಿನಲ್ಲಿ ನಾಲ್ಕಾಣೆ ಹಿಡಿದುಕೊಂಡರು. ಗಂಜಿ ಊಟ ಮಾತ್ರ ಉಪ್ಪಿನಕಾಯಿ ಸಮೇತ ಹಾಕಿದರು. ಆ ವರ್ಷ ಅರಪ್ಪು ಬೆಣ್ಣೆಯ ಹಾಗೆ ಬರುತ್ತಿತ್ತು ಅಂತ ನನ್ನ ಅಮ್ಮ ಈಗಲೂ ಹೇಳುತ್ತಾರೆ. ಅಜ್ಜಿ ಒಂದು ದಿನವೂ ಅದನ್ನು ಒಪ್ಪಲಿಲ್ಲ.

ಅವನೂ ಮರೆಯಲಿಲ್ಲ. ಮರುವರ್ಷ ಬಂದವನು ಉಳಿ ಇಟ್ಟು, ಸುತ್ತಿಗೆ ಎತ್ತಿ, ಅಜ್ಜಿಯ ಮುಖ ನೋಡಿ, "ಅಮ್ಮಾ, ಇಲ್ಲಿ ಒಂದು ಪೆಟ್ಟು ಹೊಡೆಯಲಾ?" ಅಂತ ಕೇಳಿದ. ಹೊಡಿ ಅಂದರು. ಹೊಡೆದ. ಉಳಿಯನ್ನು ಒಂದು ಅಕ್ಕಿಕಾಳಿನಷ್ಟು ಆಚೆ ಸರಿಸಿ, "ಅಮ್ಮಾ, ಇಲ್ಲಿ ಒಂದು ಹೊಡೆಯಲಾ?" ಹೊಡಿ. ಮತ್ತೆ ಆಚೆ. ಮುಖದಲ್ಲಿ ನಗು ಇಲ್ಲ, ಅಷ್ಟು ಮರ್ಯಾದೆ. ಹತ್ತೋ ಹನ್ನೆರಡೋ ಪೆಟ್ಟಿಗೆ ಅಜ್ಜಿ ತಟ್ಟೆ ಎತ್ತಿಕೊಂಡು ಎದ್ದರು. "ನಿನಗೆ ಬೇಕಾದ ಹಾಗೆ ಮಾಡು ಮಾರಾಯ, ನನ್ನ ತಲೆ ತಿನ್ನಬೇಡ."

ಸಂಜೆ ನೋಡಿದರೆ ಕಲ್ಲಿನ ಅಂಚಿನ ಮೇಲೆ ಒಂದು ಹೂವು. ಎಂಟು ಎಸಳು, ಒಂದು ಎಸಳು ಸ್ವಲ್ಪ ಸೊಟ್ಟ. ಅಜ್ಜಿ ಹೂವನ್ನು ನೋಡಿದರು, ಅವನನ್ನು ನೋಡಿದರು. ಅವನು ಗೋಣಿಚೀಲ ಕಟ್ಟುತ್ತ ಹೇಳಿದ, "ನೀವೇ ಹೇಳಿದ್ದಲ್ವಾ ಅಮ್ಮ."

ಆ ಮಾತು ಕೇಳಿದ್ದು ಅಲ್ಲಿ.

ನನ್ನ ಮಗಳಿಗೆ ಇದನ್ನು ಹೇಳಿದರೆ, ಅಪ್ಪ, ಕಲ್ಲು ಬೇರೆ ಫೋನು ಬೇರೆ ಅನ್ನುತ್ತಾಳೆ. ಬೇರೆಯೇ. ಕಲ್ಲು ಕುಟ್ಟುವವನು ಅಪ್ಡೇಟಿನ ಹಾಗೆ ರಾತ್ರಿ ಎರಡು ಗಂಟೆಗೆ ಬರುತ್ತಿರಲಿಲ್ಲ. 2018ರ ಆಗಸ್ಟಿನಲ್ಲಿ ದೇಶದ ಎಷ್ಟೋ ಜನ ಫೋನ್ ತೆರೆದು ನೋಡಿದರೆ, ತಾವು ಸೇವ್ ಮಾಡದ ಆಧಾರ್ ಸಹಾಯವಾಣಿಯ ಹಳೆಯ ನಂಬರು ಕಾಂಟ್ಯಾಕ್ಟ್ಸ್‌ನಲ್ಲಿ ಕೂತಿತ್ತು. ಗಲಾಟೆ ಆಯಿತು, ನಾವು ಹಾಕಿಸಿದ್ದಲ್ಲ ಅಂತ ಆಧಾರ್‌ನವರು ಅಂದರು. ಕೊನೆಗೆ ಗೂಗಲ್, 2014ರಲ್ಲಿ ಆಂಡ್ರಾಯ್ಡ್ ಫೋನಿನ ಸೆಟಪ್ಪಿನೊಳಗೆ ಕೈತಪ್ಪಿ ಸೇರಿಸಿದ್ದು ನಾವೇ ಅಂತ ಒಪ್ಪಿಕೊಂಡಿತು. ನಾಲ್ಕು ವರ್ಷ! ಅಜ್ಜಿಯ ಕಲ್ಲಿನ ಹೂವು ಅದೇ ಸಂಜೆ ಕಂಡಿತ್ತು.

ಕೊಡುವುದು ಹೀಗೆ, ಕೊಂಡುಹೋಗುವುದೂ ಹೀಗೇ. 2009ರ ಜುಲೈಯಲ್ಲಿ ಅಮೆಜಾನ್, ಮಾರಿದವರಿಗೆ ಹಕ್ಕಿರಲಿಲ್ಲ ಅಂತ ಗೊತ್ತಾಗಿ, ಜನ ದುಡ್ಡು ಕೊಟ್ಟು ಕೊಂಡಿದ್ದ ಆರ್ವೆಲ್‌ನ '1984' ಪುಸ್ತಕವನ್ನು ಅವರವರ ಕಿಂಡಲ್ ಎಂಬ ಪುಸ್ತಕ ಓದುವ ಯಂತ್ರದಿಂದ ದೂರದಲ್ಲೇ ಕೂತು ಅಳಿಸಿತು. ದುಡ್ಡು ವಾಪಸ್ ಹಾಕಿತು, ಕಂಪೆನಿಯ ಆಗಿನ ಮುಖ್ಯಸ್ಥ ಬೆಜೋಸ್ ಕ್ಷಮೆಯೂ ಕೇಳಿದರು. ಅಮೆರಿಕದ ಒಬ್ಬ ಹೈಸ್ಕೂಲು ಹುಡುಗ ಆ ಪುಸ್ತಕಕ್ಕೆ ಟಿಪ್ಪಣಿ ಬರೆದಿಟ್ಟುಕೊಂಡಿದ್ದನಂತೆ. ಟಿಪ್ಪಣಿ ಉಳಿಯಿತು, ಅದು ಯಾವ ಸಾಲಿನ ಮೇಲಿನದ್ದು ಅಂತ ನೋಡಲು ಪುಸ್ತಕವೇ ಇಲ್ಲ. ಹುಡುಗ ಕೋರ್ಟಿಗೆ ಹೋದ. ಸರಿ ಮಾಡಿದ.

ನಾವೂ ಕೋರ್ಟು ಕಚೇರಿ ನೋಡಿದವರೇ. ಫೋನಿನೊಳಗೆ ಮೊದಲೇ ತುಂಬಿಸಿಟ್ಟ ಆ್ಯಪ್‌ಗಳನ್ನು ಬೇಡವಾದವರು ತೆಗೆದುಹಾಕಲು ಬಿಡಬೇಕು ಅಂತ ನಮ್ಮ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲಿಗೆ ಹೇಳಿತ್ತು, ಜೊತೆಗೆ 1,337.76 ಕೋಟಿ ದಂಡ. ಮುಂದಿನ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿತು, ಆದರೆ ತೆಗೆದುಹಾಕಲು ಬಿಡಿ ಅನ್ನುವ ಆ ಸಾಲನ್ನೂ ಸೇರಿಸಿ ನಾಲ್ಕು ಸೂಚನೆಗಳನ್ನು ಕೈಬಿಟ್ಟಿತು. ದಂಡದ ದುಡ್ಡೇನು ನನ್ನ ಜೇಬಿಗೆ ಬರುವುದಲ್ಲ, ನನಗೆ ಬೇಕಾಗಿದ್ದದ್ದು ಆ ಸಾಲು.

ಹಾಗಂತ ಪೂರಾ ಬೈಯಲಿಕ್ಕೂ ಮನಸ್ಸು ಬರುವುದಿಲ್ಲ. ಅಪ್ಡೇಟ್ ಮಾಡದಿದ್ದರೆ ಕಳ್ಳರು ನುಗ್ಗುತ್ತಾರೆ ಅನ್ನುವುದು ಸುಳ್ಳಲ್ಲ, ಗುಂಡುಕಲ್ಲು ಕುಟ್ಟಿದ ವರ್ಷ ಅರಪ್ಪು ಚೆನ್ನಾಗಿ ಬಂದದ್ದೂ ಸುಳ್ಳಲ್ಲ. ನನ್ನ ತಕರಾರು ಬೇರೆ. ಫೋನು ನನ್ನನ್ನು ಕೇಳುವ ಪ್ರಶ್ನೆಗೆ ಎರಡೇ ಉತ್ತರ: "ಈಗ" ಅಥವಾ "ಆಮೇಲೆ ನೆನಪಿಸಿ". ಬೇಡ ಅನ್ನುವ ಜಾಗವೇ ಇಲ್ಲ. ಅಂಗಳದಲ್ಲಿ ನಿಂತವನಿಗೆ ಈ ವರ್ಷ ಬೇಡ ಅಂತ ಒಂದು ಸಲ, ಸುಮ್ನೆ ಗತ್ತಿಗಾದರೂ, ಹೇಳುವ ಸುಖ ಉಂಟಲ್ಲ, ಅದು ಹೋಯಿತು. ಹೋಗಲಿ, ಚೌಕಾಸಿ ಮಾಡಲಿಕ್ಕೂ ಇಲ್ಲ.

ಅಂಗಡಿಯ ಹುಡುಗ ಸೆಟ್ಟಿಂಗ್ಸ್ ಒಳಗೆ ಹೋಗಿ, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಬಾಗಿಲು ತೆರೆದು ಬಟನ್ನನ್ನು ಮೊದಲಿನ ಹಾಗೆ ಮಾಡಿಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ. "ಮುಂದಿನ ಅಪ್ಡೇಟಿಗೆ ವಾಪಸ್ ಬಂದ್ರೂ ಬರಬಹುದು ಅಂಕಲ್" ಅಂದ.

ರಾತ್ರಿ ಊಟ ಮುಗಿಸಿ, ಆ ಮನೆಯ ಹಿರಿಮಗನಿಗೆ ಒಂದು ಮಾತು ಬರೆಯುವುದು ಒಳ್ಳೆಯದು ಅಂತ ಕೂತೆ. ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಒತ್ತಿದೆ. "ತಂದೆಯವರ ಬೊಜ್ಜದಂದು ಎಲ್ಲರಿಗೂ ತೊಂದರೆಯಾಯಿತು, ದಯವಿಟ್ಟು ನನ್ನನ್ನು ಕ್ಷಮಿಸಿ." ಕಳಿಸಿದ ಮೇಲೆ ಓದಿದೆ. ಕೀಬೋರ್ಡಿಗೆ ನಮ್ಮ ಕಡೆಯ ಬೊಜ್ಜ ಗೊತ್ತಿಲ್ಲ. ಅದು ತಂದೆಯವರ ಬೊಜ್ಜಿನಿಂದ ಎಲ್ಲರಿಗೂ ತೊಂದರೆಯಾಯಿತು ಅಂತ ತಿದ್ದಿ ಕಳಿಸಿತ್ತು. ಪಕ್ಕದಲ್ಲಿ ಎರಡು ನೀಲಿ ಗೆರೆಯೂ ಬಂದಿತ್ತು.